ಮಗ್ಗಕ್ಕೆ ಬಂದ ಹಡಗು

"ಎಳೆ ಅಂದ್ರೆ ಈ ಕೈ, ಈ ಕೈ ಅಂದ್ರೆ ಎಳೆ! ನಾಳೆ ಸಂಜಿಗೆ ನಮ್ಮೂರಿಗೆ ಬಂದು ಹೊಸ ಹಡಗು ತಗಂಡು ಹೋಗೋ!" ಚಳ್ಳಕೆರೆಯ ಮಾವನ ಮನೆಯಲ್ಲಿ ನಿಂತು ನೇಕಾರ ಮುರುಗೇಶ್ ಘೋಷಿಸಿಯೇಬಿಟ್ಟ. ಎಣ್ಣೆ ಗಿರಣಿ ನಡೆಸುವ ಭಾಮೈದ ಚಂದ್ರಶೇಖರ್ ಆಸೆಪಟ್ಟು ಷೋಕೇಸಿನಲ್ಲಿಟ್ಟಿದ್ದ ಪುಟಾಣಿ ಮರದ ಹಾಯಿಹಡಗಿನ ಕಂಬ ಮುರಿದು, ಹಗ್ಗಗಳೆಲ್ಲ ಕಿತ್ತುಹೋಗಿದ್ದವು. ಆ ಮನೆಯಲ್ಲಿ ಅಳಿಯ ಮುರುಗೇಶ್ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಹಡಗೊಂದು ನೆಟ್ಟಗಾದರೆ ಅತ್ತೆಯ ಬಾಯಲ್ಲೂ ಒಂದು 'ಭೇಷ್' ಬಂದೀತು ಎಂಬ ಆಸೆ ಅವನಿಗೆ.

ಹಡಗು ಬಸ್ಸಿನಲ್ಲಿ, ಅವನ ತೊಡೆಯ ಮೇಲೆ, ರಾಜಗಾಂಭೀರ್ಯದಿಂದ ಅವನೂರು ಮೊಳಕಾಲ್ಮೂರು ತಲುಪಿತು. ಅಲ್ಲಿ ಮನೆಯ ಮಗ್ಗಕ್ಕೆ ಹೊಸ ಸೀರೆಯ ಹಾಸು, ಅಂದರೆ ಉದ್ದೆಳೆಗಳು, ಏರಿತ್ತು. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆದು ಕೆಚ್ಚುವ ಕೆಲಸ ಅರ್ಧಕ್ಕೆ ನಿಂತಿತ್ತು.

"ಅದನ್ನ ಮುಗಿಸಿ ಆಟಿಕೆ ಹಿಡೀರಿ," ಎಂದಳು ಹೆಂಡತಿ ಲಕ್ಷ್ಮೀದೇವಿ.

"ಆಟಿಕೆ ಅಲ್ಲ ಕಣೇ, ನೌಕೆ!"

ಮರುದಿನ ಮಗ್ಗದ ಮುಂದೆ ಕಾಲಿಳಿಬಿಟ್ಟು ಕೂರುವ ಗುಣಿಯಲ್ಲೇ ಕೂತು ಕಂಬಕ್ಕೆ ಗೋಂದು ಹಚ್ಚಿದ. ರೇಷ್ಮೆ ಎಳೆಯ ಹಗ್ಗ ಕಟ್ಟತೊಡಗಿದ. ಕಿಟಕಿಯಾಚೆ ಕಲ್ಲುಗುಡ್ಡಗಳು ಬಿಸಿಲಿಗೆ ಅಲುಗುತ್ತಿದ್ದವು. ಹುಟ್ಟಿದಾಗಿನಿಂದ ಸಮುದ್ರ ಕಾಣದ ಅವನ ಕಣ್ಣಿಗೆ ಆ ಗುಡ್ಡಗಳೇ ಅಲೆಗಳಾದವು. ದೇವಸಮುದ್ರ, ಗೌರಸಮುದ್ರ ಎಂದು ಹೆಸರಿಗಷ್ಟೇ ಸಮುದ್ರವಿದ್ದ ಊರುಗಳಲ್ಲೂ ನೀಲಿ ನೀರು ಉಕ್ಕಿತು! ಕಪ್ತಾನ ಮುರುಗೇಶ್ ಮೆಲ್ಲಗೆ ತೇಲುತ್ತ, ಗಿರಣಿಗಳ ಹೊಗೆಕೊಳವೆಗಳ ನಡುವೆ ಹಾದು, ಚಳ್ಳಕೆರೆ ಬಂದರಿನಲ್ಲಿ ಇಳಿದ. ಅತ್ತೆ ಆರತಿ ಹಿಡಿದು ನಿಂತಿದ್ದರು. ಆಹಾ, ಎಂಥ ಸುಖ!

ಬೆರಳುಗಳಿಗೆ ಕನಸು ಗಿನಸು ಗೊತ್ತಿಲ್ಲ. ಎಳೆಯ ತುದಿ ಸಿಕ್ಕಿದರೆ ಪಕ್ಕದ ತುದಿಗೆ ಕೆಚ್ಚುವುದೊಂದೇ ಅವಕ್ಕೆ ಗೊತ್ತು.

"ಅಯ್ಯೋ ಶಿವನೇ!" ಲಕ್ಷ್ಮೀದೇವಿ ಕಿರುಚಿದಾಗಲೇ ಕಪ್ತಾನ ದಡ ಸೇರಿದ್ದು. "ಹಡಗಿನ ಹಗ್ಗಾನೆಲ್ಲ ಸೀರೆ ಎಳೆಗೆ ಕೆಚ್ಚೀರಲ್ರೀ! ಈಗ ಹಡಗು ಕತ್ತರಿಸ್ಲೋ, ಸೀರೆ ಕತ್ತರಿಸ್ಲೋ?"

"ಮೆಲ್ಲಗೆ ಮಾತಾಡೇ! ಯಾರಾದ್ರೂ ಕೇಳ್ಯಾರು!"

ಸಂಜೆಯಾಗಿತ್ತು, ಕೇಳಿಯೂ ಆಗಿತ್ತು. "ಭಾವಾ, ಹಡಗು ಆಯ್ತೇನ್ರೀ?" ಎನ್ನುತ್ತ ಚಂದ್ರಶೇಖರ್ ಒಳಗೆ ಬಂದ. ಅವನ ಬೆನ್ನಿಗೇ ಅತ್ತೆ ಸುಲೋಚನಮ್ಮ!

ಏನಾದರಾಗಲಿ, ಗತ್ತು ಬಿಡಬಾರದು ಎಂದುಕೊಂಡು ಮುರುಗೇಶ್ "ಬರ್ರಿ ಅತ್ತೆ!" ಎಂದು ಧಡಕ್ಕನೆ ಎದ್ದ. ಅವನು ಎದ್ದ, ಪಂಚೆ ಏಳಲಿಲ್ಲ! ಅದರ ಅಂಚಿನಲ್ಲಿ ಇಳಿಬಿದ್ದ ಬಿಡಿ ಎಳೆಗಳ ದಸಿಗಳನ್ನೂ ಬೆರಳುಗಳು ಸಾಲಾಗಿ ಮಗ್ಗಕ್ಕೆ ಕೆಚ್ಚಿಬಿಟ್ಟಿದ್ದವು.

ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತ ಅಳಿಯನನ್ನು ಕಂಡು ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಲಕ್ಷ್ಮೀದೇವಿ ನಗು ತಡೆಯಲಾರದೆ ತಮ್ಮನಿಗೆ ಹೇಳಿದಳು:

"ಬಾರೋ ಚಂದ್ರು, ಸರಿಯಾದ ಹೊತ್ತಿಗೆ ಬಂದೆ. ನಿಮ್ ಭಾವ ಈಗಷ್ಟೇ ಹಾಯಿ ಬಿಚ್ಯಾರೆ!"