ಕಂಪನಿಯ ಸ್ವತ್ತಾದ ಡೊಳ್ಳಿನ ಪದ

ತಂಗಿಯ ಮಗುವಿನ ತೊಟ್ಟಿಲ ಕಾರ್ಯದಲ್ಲಿ ತಾನೇ ಹಾಡಿದ ಡೊಳ್ಳಿನ ಪದವನ್ನು ಕಮತಗಿಯ ಬೀರಲಿಂಗ ಬೆಳಿಗ್ಗೆ ಫೋನಿನಲ್ಲಿ ನೋಡಿದರೆ, ಚಿತ್ರವಿತ್ತು, ದನಿ ಇರಲಿಲ್ಲ. ನೀರಿನಿಂದೆತ್ತಿದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ. ಕೆಳಗೊಂದು ಸಾಲು: ಈ ಹಾಡು ‘ಗಟ್ಟಿದನಿ ಆಡಿಯೋ’ ಕಂಪನಿಯ ಸ್ವತ್ತು.

"ಹೊಲಾ ಮಾರಿದವರನ್ನ ನೋಡೇನಿ. ಗಂಟ್ಲಾ ಮಾರಿದಾಂವ ನೀನ ಮೊದಲಿಗ ನೋಡಲೇ," ಎಂದ ಪಕ್ಕದ ಮನೆಯ ದುರ್ಗಪ್ಪ. ಬೀರಲಿಂಗನ ಮೇಳದಲ್ಲಿ ಡೊಳ್ಳು ಬಾರಿಸುವವನು ಅವನೇ.

"ಮಾರಿಲ್ಲೋ! ಕಂಪನಿಯವ್ರು ಬಾಗಲಕೋಟಿಗೆ ಕರದು ಪದಾ ಹಾಡಿಸಿಕೊಂಡ್ರು, ಶಾಲ್ ಹೊಚ್ಚಿದ್ರು, ಕರದಂಟು ತಿನಿಸಿದ್ರು. ಬಾಯಿ ತುಂಬ ಕರದಂಟು ಇದ್ದಾಗ ಸಹಿ ಕೇಳಿದ್ರ, ಬ್ಯಾಡ ಅನ್ನಾಕ ಬರತೈತೇನು?"

ನಗುವ ಹೊತ್ತಾಗಿರಲಿಲ್ಲ. ಸಂಜೆ ಅಮೀನಗಡದಲ್ಲಿ ಮೇಳದ ಹಾಡಿಕೆ. ಜನ ಕಾಯುವುದು ಆ ಒಂದು ಪದಕ್ಕೆ. ಸಂಘಟಕರು ಆಗಲೇ ಫೋನ್ ಮಾಡಿದ್ದರು: "ಆ ಪದಾ ಹಾಡಿದ್ರ ನಮ್ಮ ಚಾನೆಲ್ ಬಂದ್ ಆಗತೈತಿ. ಕಂಪನಿ ಒಪ್ಪಿಗಿ ತಗೊಂಡ ಬಾ, ಇಲ್ಲಾಂದ್ರ ಬರಬ್ಯಾಡ."

ಸುದ್ದಿ ಸೋದರತ್ತೆ ಹನಮವ್ವನಿಗೆ ಮುಟ್ಟಿತು. ಪದ ಕಟ್ಟಿದವಳು ಅವಳು.

"ನಾ ಕುರಿ ಹಿಂದ ತಿರಗಾಡಿ ಕಟ್ಟಿದ ಪದಾ ಅದು. ಆ ಕಂಪನಿಯಾಂವ ಎಷ್ಟ ಕುರಿ ಕಾದಾನ, ಕೇಳೂಣು ನಡೀರಿ!"

ಕಂಪನಿಗೆ ಪದ ಕಟ್ಟಲು ಬರುವುದಿಲ್ಲ. ಅದರ ಸುತ್ತ ಬೇಲಿ ಕಟ್ಟಲು ಬರುತ್ತದೆ. ಬೇಲಿ ಮುರಿಯಲು ಮೂವರೂ ಡೊಳ್ಳಿನ ಸಮೇತ ಬಸ್ಸು ಹತ್ತಿದರು.

ಬಾಗಲಕೋಟೆಯಲ್ಲಿ ಮಾಲೀಕ ವಿಜಯಮಹಾಂತೇಶ ಹೊಸ ಅಂಗಡಿಯ ದೀಪದಂತೆ ನಕ್ಕ.

"ಯವ್ವಾ, ಕುಂದರ್ರಿ. ಪದಾ ನಿಮ್ದಿದ್ರ ನಿಮ್ಮ ಹೆಸರ್ಲೇ ಬಿಡತೇನ್ರಿ. ಆದ್ರ ಮರೋಳದ ಮೇಳದವರೂ ತಮ್ದ ಅಂತ ಬಂದಿದ್ರು. ನಾಕ ನುಡಿ ಹಾಡಿ ತೋರಿಸಿ ಹ್ವಾದ್ರು."

ಡೊಳ್ಳಿನವರ ಮುಂದೆ ಎದುರು ಮೇಳದ ಹೆಸರೆತ್ತುವುದು ಒಣಹುಲ್ಲಿಗೆ ಕಡ್ಡಿ ಗೀರಿದಂತೆ. ಸವಾಲಿಗೆ ಜವಾಬು ಹಾಡದೆ ಎದ್ದುಹೋದರೆ ಮರುದಿನ ತಲೆಯೆತ್ತಿ ತಿರುಗುವಂತಿಲ್ಲ. ಮರೋಳದವರು ಬಂದದ್ದು ಖರೆಯೋ ಸುಳ್ಳೋ ಎಂದು ಹನಮವ್ವ ಕೇಳಲೇ ಇಲ್ಲ.

"ನಾಕ ನುಡಿ? ನಂದ ಹನ್ನೆರಡ ಅದಾವು! ಈ ಹುಡುಗ್ಗ ಬರೇ ಎರಡ ಕಲಿಸೇನಿ. ದುರ್ಗಪ್ಪಾ, ಬಾರಿಸೋ!"

"ಹೊರಗ ಟ್ರ್ಯಾಕ್ಟರ್ ಗದ್ದಲ ಐತ್ರಿ ಯವ್ವಾ, ಒಳಗ ಹಾಡ್ರಿ."

ಒಳಕೋಣೆಯ ಗೋಡೆಗೆಲ್ಲ ಗಾದಿ ಬಡಿದಿತ್ತು. ಬೀರಲಿಂಗ ಆ ಕೋಣೆ ಬಲ್ಲವನು.

"ಅತ್ತೀ, ಬ್ಯಾಡಬೇ, ಇಲ್ಲಿ ಮೈಕ್ ಐತಿ..."

"ಸುಮ್ನಿರಲೇ! ಮರೋಳದವರಿಗೆ ಅಂಜತೀಯೇನು?"

ಡೊಳ್ಳಿನ ಹೊಡೆತಕ್ಕೆ ಗಾಜು ನಡುಗಿತು. ಹನ್ನೆರಡೂ ನುಡಿ ಮುಗಿದಾಗ ಮಾಲೀಕ ಕಣ್ಣೊರೆಸಿಕೊಂಡ. ಅವಳ ಹೆಗಲಿಗೆ ಇಳಕಲ್ ಸೀರೆ ಹೊದಿಸಿದ, ಪಾದ ಮುಟ್ಟಿದ, ಹೆಬ್ಬೆಟ್ಟು ಒತ್ತಿಸಿಕೊಂಡ.

"ಇವತ್ತಿಂದ ಪದಾ ನಿಮ್ಮ ಹೆಸರ್ಲೇ ಯವ್ವಾ."

ಗೆದ್ದ ಖುಷಿಯಲ್ಲಿ ಅಮೀನಗಡಕ್ಕೆ ಬಂದಿಳಿದರೆ, ಸಂಘಟಕ ಫೋನ್ ಹಿಡಿದು ಎದುರೇ ನಿಂತಿದ್ದ. ಹೊಸ ವಿಡಿಯೋ ಇವರಿಗಿಂತ ಮೊದಲೇ ಬಂದು ಮುಟ್ಟಿತ್ತು: ‘ಹನಮವ್ವನ ಅಸಲಿ ಪದ, ಪೂರ್ತಿ.’ ಮಾಲೀಕ ಮಾತಿಗೆ ತಪ್ಪಿರಲಿಲ್ಲ. ಹೆಸರು ಅವಳದು, ಸ್ವತ್ತು ಕಂಪನಿಯದು. ಬೀರಲಿಂಗನ ತೊಟ್ಟಿಲ ಕಾರ್ಯದ ವಿಡಿಯೋವನ್ನು ನಕಲೆಂದು ತೆಗೆದೇ ಹಾಕಿದ್ದರು.

"ಅತ್ತೀ, ಎರಡ ನುಡಿ ಬಿಡಿಸಾಕ ಹೋಗಿ ಹನ್ನೆರಡೂ ಕೊಟ್ಟ ಬಂದ್ವಿ! ನಡೀ, ತಿರುಗಿ ಹೋಗಿ ಜಗಳಾ ತಗಿಯೂಣು."

ಹನಮವ್ವ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ಫೋನಿನೊಳಗೆ ಇಣುಕಿದಳು.

"ನನ್ನ ಹೆಸರ ಯಾವದಲೇ? ಇದಾ? ಪಾಪ, ಎಷ್ಟ ದೊಡ್ಡದಾಗಿ ಬರದಾನ!"

"ನನಗ ಹಾಡಾಕ ಬಿಡವಲ್ರಬೇ!"

"ಹಂಗ ಹಾಡಾಕ ಹೆಂಗ ಬರತೈತೋ?" ಅತ್ತೆ ದನಿ ಗಟ್ಟಿ ಮಾಡಿದಳು. "ಹಾಡೂದಿದ್ರ ಮೊದಲ ನಮ್ಮ ಕಂಪನೀನ ಕೇಳು."