ಸಭೆಯಲ್ಲಿ ಬುತ್ತಿ ಬಿಚ್ಚಿದ ಕಾಕಾ

ನಮ್ಮ ಕಾಕಾ ಹುಚ್ಚರೆಂದು ಅಂಕಲಗಿ ಊರ ತುಂಬ ಹೇಳಿಕೊಂಡು ತಿರುಗಿದವನು ನಾನೇ. ಆ ಹುಚ್ಚು ನನಗೇಕೆ ಹಿಡಿಯಲಿಲ್ಲವೆಂದು ಈಗ ಹೊಟ್ಟೆ ಉರಿದುಕೊಳ್ಳುತ್ತಿರುವವನೂ ನಾನೇ!

ಅವರು ನಮ್ಮಪ್ಪನ ಕೊನೆಯ ತಮ್ಮ. ನನಗಿಂತ ನಾಲ್ಕೇ ವರ್ಷಕ್ಕೆ ದೊಡ್ಡವರು. ಒಂದೇ ಮನೆಯಲ್ಲಿ ಬೆಳೆದು ಒಂದೇ ಗಿಡದ ಹುಣಸೆಕಾಯಿ ಕದ್ದವರು ನಾವು. ಆದರೂ ನಾನು ಅವರಿಗೆ ‘ಬರ್ರಿ, ಕೂಡ್ರಿ’ ಅನ್ನಬೇಕು, ಅವರು ಮೀಸೆ ನರೆತ ನನ್ನನ್ನು ‘ಹುಡುಗಾ’ ಅನ್ನಬೇಕು. ಇದು ಯಾವ ಊರಿನ ನ್ಯಾಯ?

ನಾಲ್ಕು ಮಂದಿ ಬೇಡವೆಂದು ಬಿಟ್ಟದ್ದನ್ನು ಕೊಳ್ಳುವುದೇ ಅವರ ಚಟ. ಒಮ್ಮೆ ಮೂಡಲಗಿ ಸಂತೆಯಿಂದ ಕೊಂಬು ಮುರಿದ ಎಮ್ಮೆ ಹೊಡೆದುಕೊಂಡು ಬಂದರು. ನಾನು ಬಿದ್ದು ಬಿದ್ದು ನಕ್ಕೆ. “ನಗು ಹುಡುಗಾ, ಹಾಲು ಕೊಂಬಿನ್ಯಾಗಿಂದ ಬರ್ತಾವೇನು?” ಎಂದರು. ಎಮ್ಮೆ ಹೊತ್ತಿಗೆ ನಾಲ್ಕು ಸೇರು ಕರೆಯಿತು. ನನ್ನ ಎಮ್ಮೆಗೆ ಕೊಂಬು ಬಲು ಚೆಂದ ಇದ್ದವು, ಹಾಲು ಮಾತ್ರ ಕೇಳಬೇಡಿ!

ಊರ ಹೊರಗೆ ಹತ್ತಿಯ ಬೀಜ ಬಿಡಿಸುವ ಒಂದು ಸಣ್ಣ ಕಾರಖಾನೆ ಇತ್ತು. ಊರವರೇ ಷೇರು ಹಾಕಿ ಕಟ್ಟಿದ್ದು. ಅದರಲ್ಲಿ ಇನ್ನೂರು ಷೇರುಗಳನ್ನು ನಮ್ಮಪ್ಪ ತೀರಿಕೊಳ್ಳುವ ಮೊದಲು ನನಗೆ ಕೊಟ್ಟು, “ನಿನ್ನ ಮಗಳ ಮದಿವಿಗೆ ಇರ್ಲಿ” ಎಂದಿದ್ದರು. ಕಾಕಾನ ಹತ್ತಿರವೂ ಇನ್ನೂರೇ. ನಮ್ಮಿಬ್ಬರಲ್ಲಿ ಸರಿಸಮವಾಗಿದ್ದದ್ದು ಅದೊಂದೇ.

ಒಂದು ವರ್ಷ ಷೇರುದಾರರ ಸಭೆ ಮಧ್ಯಾಹ್ನ ಶುರುವಾಯಿತು. ಮ್ಯಾನೇಜರು ಕಾಗದ ಓದುವ ವೇಗಕ್ಕೆ ಕಟ್ಟಿದ ಎತ್ತು ಕೂಡ ನಿದ್ದೆ ಹೋಗುತ್ತಿತ್ತು. ಅಂತೂ ವಿಷಯ ಬಂತು: ಕಂಪನಿಗೆ ಬಡ್ಡಿಗೆ ಹಣ ಕೊಟ್ಟವರೆಲ್ಲ ತಮ್ಮ ಸಾಲಪತ್ರಗಳನ್ನು ಷೇರುಗಳಾಗಿ ಬದಲಾಯಿಸಿಕೊಳ್ಳುತ್ತಾರೆ, ಕಂಪನಿಯಲ್ಲಿ ಎರಡು ಷೇರಿದ್ದಲ್ಲಿ ಇನ್ನು ಮೂರಾಗಿ, ಹಳಬರ ಪಾಲು ಸಣ್ಣದಾಗುತ್ತದೆ. “ಮಜ್ಜಿಗಿಗೆ ನೀರ ಹೊಯ್ದ್ರಪೋ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅಷ್ಟರಲ್ಲಿ ಹೊತ್ತು ಇಳಿದಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹಾಕುವವರಲ್ಲ. ಕಂಪನಿ ಮುಳುಗಿದರೂ ಸರಿ, ಊಟ ತಪ್ಪಬಾರದು! ಎಲ್ಲರೂ ಧೋತರ ಎತ್ತಿ ಕಟ್ಟಿ ಮನೆಯ ಕಡೆ ಓಡಿದೆವು.

ಕಾಕಾ ಮಾತ್ರ ಏಳಲಿಲ್ಲ. ಅವರು ಆಗಲೇ ಸಭೆಯ ನಟ್ಟನಡುವೆ ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು ಕಟುಂ ಕಟುಂ ಎಂದು ಉಂಡು ಮುಗಿಸಿದ್ದರು. ನನಗೆ ನಾಚಿಕೆಯಾಗಿ ಮುಖ ಆ ಕಡೆ ತಿರುಗಿಸಿಕೊಂಡಿದ್ದೆ.

ಮರುದಿನ ರೂಪಾಯಿ ಷೇರು ಎಂಟಾಣೆಗೆ ಇಳಿಯಿತು. ಮಾರುವವರೇ ಎಲ್ಲ, ಕೊಳ್ಳುವವರು ಕಾಕಾ ಒಬ್ಬರೇ. ನನ್ನನ್ನು ಬದಿಗೆ ಕರೆದು ಹೇಳಿದರು:

“ನೀ ಮಾರಬ್ಯಾಡ ಹುಡುಗಾ. ನೀವೆಲ್ಲಾ ಉಣ್ಣಾಕ ಎದ್ದು ಹೋದಮ್ಯಾಲ ಮ್ಯಾನೇಜರ ಬಾಯಿಂದ ಖರೇ ಮಾತು ಬಂತು. ಸಾಲ ಹೋಗಿ ಪಾಲು ಆತಂದ್ರ ಬಡ್ಡಿ ಕೊಡೂದ ನಿಂತಹೋಗತೈತಿ. ಇಷ್ಟ ದಿನಾ ಲಾಭಾನೆಲ್ಲಾ ಆ ಬಡ್ಡೀನ ತಿನ್ನಾಕತ್ತಿತ್ತು.”

“ಹಂಗಾದ್ರ ಮಂದಿ ಯಾಕ ಒಗ್ಯಾಕತ್ತಾರ್ರಿ?”

“ಮಂದಿ ಹಂಚಿಕೊಳ್ಳವ್ರನ್ನ ಎಣಸ್ಯಾರ, ಗಡಗಿಯೊಳಗ ಇಣಕಿ ನೋಡಿಲ್ಲ.”

ನಾನು ನಂಬಿದೆನೇ? ಇವರು ನನ್ನ ಷೇರಿನ ಮೇಲೂ ಕಣ್ಣಿಟ್ಟಿದ್ದಾರೆ ಅಂದುಕೊಂಡೆ. ಅವರಿಗೆ ಸಿಗಬಾರದೆಂದು ಹುಕ್ಕೇರಿಯ ತನಕ ಹೋಗಿ ಅಲ್ಲಿಯ ವ್ಯಾಪಾರಿಗೆ ಏಳಾಣೆಗೆ ಕೊಟ್ಟು ಬಂದೆ. ದಾರಿಯುದ್ದಕ್ಕೂ ಗೆದ್ದವನ ಹಾಗೆ ಸಿಳ್ಳು ಹಾಕಿದ್ದೆ.

ಮೂರು ಸುಗ್ಗಿ ಕಳೆಯಿತು. ಷೇರು ಎರಡೂವರೆ ರೂಪಾಯಿಗೆ ಏರಿತು! ಕಾಕಾನ ಮನೆಯ ಮೇಲೆ ಮಂಗಳೂರು ಹಂಚು ಬಂತು. ನನ್ನ ಹೆಂಡತಿ ದಿನಾ ಸಂಜೆ ತಾಟು ಇಡುವಾಗ, “ಉಣ್ರಿ, ಲಗೂನ ಉಣ್ರಿ. ನಿಮ್ಮಂಥಾ ತುಟ್ಟಿ ಊಟಾ ಈ ಊರಾಗ ಯಾರೂ ಉಂಡಿಲ್ಲ” ಎನ್ನುತ್ತಿದ್ದಳು. ಆ ಹಂಚು ಕಂಡಾಗಲೆಲ್ಲ ಒಂದಾದರೂ ಮಂಗ ಬಂದು ಒಡೆಯಬಾರದೇ ಎಂದು ಹಾರೈಸಿದ್ದೇನೆ. ಸುಳ್ಳೇಕೆ ಹೇಳಲಿ?

ಅಷ್ಟರಲ್ಲಿ ಮಗಳಿಗೆ ಕುಲಗೋಡದ ಒಳ್ಳೆಯ ಮನೆತನದ ವರ ಗೊತ್ತಾಯಿತು. ಕೈಯಲ್ಲಿ ಕಾಸಿಲ್ಲ. ಕಾಕಾನ ಹತ್ತಿರ ಕೇಳಲೇಬೇಕು. ಹೋಗಿ ಕುಳಿತೆ. ಕೇಳಲು ಬಾಯಿ ತೆರೆದರೆ ಬಂದದ್ದು ಹೊಟ್ಟೆಕಿಚ್ಚಿನ ಮಾತೇ:

“ಅಲ್ರಿ ಕಾಕಾ, ಪಾಲು ಸಣ್ಣದಾಗತೈತಿ ಅಂದಾಗ ನಿಮಗೊಬ್ಬರಿಗೆ ಹೆಂಗ್ರಿ ಅಂಜಿಕಿ ಬರ್ಲಿಲ್ಲಾ?”

ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

“ಅಂಜಿದ್ದೆ. ನಾಲ್ಕ ವರ್ಷದಾಂವ ಇದ್ದಾಗ. ನನ್ನ ಹಡದಾಕಿ ಹಡದ ದಿನಾನ ಹೋದ್ಲು. ನಿಮ್ಮವ್ವ, ನಮ್ಮ ವೈನಿ, ನನ್ನ ಎತ್ತಿಕೊಂಡ್ಲು. ಅಕಿ ತೊಡಿ ಪೂರಾ ನಂದ ಇತ್ತು. ಆಮ್ಯಾಲ ನೀ ಹುಟ್ಟಿದಿ, ನನ್ನ ಪಾಲು ಅರ್ಧ ಆತು. ಎರಡ ದಿನಾ ಉಣಲಾರದ ಅತ್ತೆ.”

“ಆಮ್ಯಾಲ?”

“ಮೂರನೇ ದಿನಾ ನಿನ್ನ ನನ್ನ ತೊಡಿಮ್ಯಾಗ ಹಾಕಿದ್ಲು. ನನ್ನ ಬೆರಳ ಹಿಡದಿ. ನನ್ನವರು ಅನ್ನಾಕ ಮನ್ಯಾಗ ಒಬ್ಬಾಂವ ಹೆಚ್ಚಾದ ಅಂತ ಆವಾಗ ತಿಳೀತು.”

ನನ್ನ ಕಣ್ಣು ತುಂಬಿ ಬಂತು. ನಲವತ್ತು ವರ್ಷ ಈ ಮನುಷ್ಯನ ಪಾಲು ಎಷ್ಟೆಂದು ಲೆಕ್ಕ ಹಾಕಿದ್ದೆ. ತಮ್ಮ ಪಾಲಿನ ಅರ್ಧವನ್ನು ಅವರು ನನಗೆ ಮೊದಲೇ ಬಿಟ್ಟುಕೊಟ್ಟಿದ್ದರು.

ಕಾಕಾ ಅಡಿಕೆ ಹೋಳು ನನ್ನ ಕೈಗೆ ಹಾಕಿ, “ಮದಿವಿ ಎಂದ ಐತಿ, ಅದನ್ನ ಹೇಳು ಹುಡುಗಾ” ಎಂದರು.