ತಾವು ಚಪ್ಪರಿಸಿ ಉಂಡ ಹದಿನಾಲ್ಕು ಮಾದರಿಗಳ ಬಗ್ಗೆ

ಮಾನ್ಯರೇ,

ಗಡಿನಾಡ ಪರಿಸರ ಶಿಕ್ಷಕರ ಸಂಘದ ಅಧ್ಯಕ್ಷರೂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಶಾಲೆಗಳಿಗೆಲ್ಲ ಹಸಿರನ್ನು ಹಂಚುವ ಹೊಣೆ ಹೊತ್ತವರೂ ಆದ ಶ್ರೀ ಲಕ್ಷ್ಮೀಕಾಂತ ಅವರ ಸನ್ನಿಧಾನಕ್ಕೆ, ನ್ಯಾಲ್ಕಲ್ ಕಡೆಯ ಒಂದು ಪುಟ್ಟ ಶಾಲೆಯ ವಿಜ್ಞಾನ ಶಿಕ್ಷಕಿ ಪ್ರೇಮಲಾ ಮಾಡುವ ಅನಂತ ನಮಸ್ಕಾರಗಳು. ತಾವು ಸುಖವಾಗಿ ತಾಂಡೂರು ತಲುಪಿದಿರೆಂದೂ ಉಂಡದ್ದು ಅರಗಿತೆಂದೂ ನಂಬಿದ್ದೇನೆ. ಈ ಪತ್ರದ ವಿಷಯವೇ ಆ ಊಟವಾದ್ದರಿಂದ ಮೊದಲೇ ವಿಚಾರಿಸಿಕೊಂಡೆ.

ನಮ್ಮ ಶಾಲೆಯ ಹಿಂದೆ ಒಂದು ತುಂಡು ಪಾಳು ಜಾಗವಿದೆ. ಮಳೆ ಬಿದ್ದೊಡನೆ ಅಲ್ಲಿ ಯಾರೂ ಬಿತ್ತದ ಸೊಪ್ಪುಗಳು ತಾವಾಗಿಯೇ ಏಳುತ್ತವೆ. ಬಿಸಿಯೂಟದ ಅಡುಗೆ ಮಾಡುವ ಪೀರಮ್ಮ ಪ್ರತಿ ಶನಿವಾರ ಮಕ್ಕಳನ್ನು ಅಲ್ಲಿ ಕೂರಿಸಿಕೊಂಡು, ಯಾವುದು ತಿನ್ನುವುದು, ಯಾವುದು ಗಾಯಕ್ಕೆ ಹಚ್ಚುವುದು, ಯಾವುದನ್ನು ಬೀಜಕ್ಕೆ ಬಿಡಬೇಕು ಎಂದು ಕಲಿಸುತ್ತಾರೆ. ಸಂಘವು ಮೆಚ್ಚಿ ‘ಜೀವಂತ ಪಾಠಶಾಲೆ’ ಎಂದು ದಾಖಲಿಸಿದರೆ ಆ ಜಾಗವನ್ನು ಯಾರೂ ಮುಟ್ಟುವಂತಿಲ್ಲ ಎಂಬ ತಮ್ಮ ಪ್ರಕಟಣೆಯನ್ನು ಓದಿ, ಆಸೆಬುರುಕಿಯಾದ ನಾನು ಅರ್ಜಿ ಹಾಕಿದೆ. ತಪ್ಪು ನನ್ನದೇ.

ಕಳೆದ ಗುರುವಾರ ತಾವು ಇಬ್ಬರು ಸದಸ್ಯರೊಡನೆ ಬರುವಿರೆಂದು ಮಕ್ಕಳು ಬೆಳಿಗ್ಗೆಯೇ ಹದಿನಾಲ್ಕು ಬಗೆಯ ಸೊಪ್ಪು ಕಿತ್ತು, ತೊಳೆದು, ಹೆಸರಿನ ಚೀಟಿ ಕಟ್ಟಿ ಬುಟ್ಟಿಯಲ್ಲಿ ಜೋಡಿಸಿದರು. ಶಾಲೆಯಲ್ಲಿ ನೆರಳಿರುವುದು ಅಡುಗೆಮನೆಯಲ್ಲಿ ಮಾತ್ರವೆಂದು ಬುಟ್ಟಿಯನ್ನು ಅಲ್ಲಿಟ್ಟು ನಾನು ತಮ್ಮ ಜೀಪನ್ನು ಎದುರುಗೊಳ್ಳಲು ರಸ್ತೆಗೆ ಹೋದೆ. ಮರಳಿ ಬಂದಾಗ ಬುಟ್ಟಿ ಖಾಲಿ, ಪಾತ್ರೆಯಲ್ಲಿ ಘಮಘಮ. ನಾನು ಹೌಹಾರಿದ್ದನ್ನು ಕಂಡು ಪೀರಮ್ಮ, “ಮಂದಿ ಊಟಕ್ಕ ಬಂದಾರ, ಬರೀ ಬ್ಯಾಳಿ ಹ್ಯಾಂಗ ನೀಡಬೇಕ್ರಿ ಟೀಚರ್?” ಎಂದು ನನ್ನನ್ನೇ ಕೇಳಿದರು. ಚೀಟಿಗಳನ್ನು ಮಾತ್ರ ಒಂದೂ ಕಳೆಯದಂತೆ ಬಿಡಿಸಿ ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ಓದು ಬಾರದ ಅವರಿಗೆ ಅಕ್ಷರದ ಮೇಲೆ ಬಹಳ ಗೌರವ.

ಆಮೇಲೆ ನಡೆದದ್ದು ತಮ್ಮ ಔದಾರ್ಯಕ್ಕೆ ಸಾಕ್ಷಿ. ತಾವು ಮೂವರೂ ಜೋಳದ ರೊಟ್ಟಿಯೊಂದಿಗೆ, ಹದಿನಾಲ್ಕೂ ಸೊಪ್ಪು ಬೆಂದ ಆ ಬೇಳೆಯನ್ನು ಎರಡೆರಡು ಸಲ ಹಾಕಿಸಿಕೊಂಡಿರಿ. ನಾಲ್ಕನೆಯ ತರಗತಿಯ ಬಾಲಮಣಿ ತಮ್ಮ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, “ಸರ್, ಈಗ ನೀವು ಬಾಯಾಗ ಹಾಕ್ಕೊಂಡಿದ್ದು ಕಿರಕಸಾಲಿ ರೀ, ಅದರ ಬಾಜೂಕ ಇರೋದು ಗೋಣಿ. ಹಕ್ಕರಕಿ ಇನ್ನಾ ತಾಟಿನಾಗೇ ಅದ” ಎಂದು ಬೆಂದ ದಂಟುಗಳನ್ನೇ ಗುರುತಿಸಿ ಹದಿನಾಲ್ಕಕ್ಕೆ ಹದಿನಾಲ್ಕೂ ಹೇಳಿದಾಗ ತಾವು ನಕ್ಕು ಆಕೆಯ ತಲೆ ಸವರಿದಿರಿ. ನನಗೆ ಕಣ್ಣು ತುಂಬಿ ಬಂದಿತ್ತು. ಗೆದ್ದೆವೆಂದುಕೊಂಡೆ.

ನಿನ್ನೆ ತಮ್ಮ ವರದಿ ಬಂತು. ಮಾದರಿಗಳು: ಇಲ್ಲ. ಮಕ್ಕಳಿಗೆ ನಿಸರ್ಗದ ನೇರ ಅನುಭವ: ಸಾಲದು. ಊಟ: ಅತ್ಯುತ್ತಮ. ಇಷ್ಟಕ್ಕೇ ನಿಲ್ಲದ ತಮ್ಮ ಕೃಪೆಯು, ಪರಿಸರ ಶಿಕ್ಷಣಕ್ಕೆ ಬೆಂಬಲವಾಗಿ ಶಾಲೆಯ ಹಿಂದಿನ ‘ಕಳೆ’ಯನ್ನು ಸೋಮವಾರ ಹನ್ನೊಂದಕ್ಕೆ ಜೆಸಿಬಿಯಿಂದ ಬಳಿಸಿ, ಹುಲ್ಲುಹಾಸು ಹಾಸಿ, ಎರಡು ಸಿಮೆಂಟಿನ ಜಿಂಕೆಗಳನ್ನು ನಿಲ್ಲಿಸುವುದಾಗಿ ತಿಳಿಸಿದೆ. ಎಂಥ ದೂರದೃಷ್ಟಿ! ಪೀರಮ್ಮನಂತೆ ಈ ಜಿಂಕೆಗಳು ಶನಿವಾರ ಮಾತಾಡುವುದಿಲ್ಲ, ಅತಿಥಿ ಬಂದರೆಂದು ಮಾದರಿಗಳನ್ನು ಬೇಯಿಸುವುದೂ ಇಲ್ಲ.

ಆದರೂ ಕೆಲವು ಸಣ್ಣ ಬೇಡಿಕೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಮಾದರಿಗಳು ಇಲ್ಲವೆಂದು ಬರೆದ ಕೈಗಳೇ ಅವುಗಳನ್ನು ಬಾಯಿಗಿಟ್ಟ ಕೈಗಳಾದ್ದರಿಂದ, ಮೂವರೂ ಒಟ್ಟಿಗೆ ಕೂತು, ಯಾರ ಹೊಟ್ಟೆಗೆ ಯಾವ ಸೊಪ್ಪು ಹೋಯಿತೆಂದು ನೆನಪಿಸಿಕೊಂಡು ಸಹಿ ಮಾಡಿದ ಪಟ್ಟಿಯನ್ನು ಕಳುಹಿಸಬೇಕು. ಚೀಟಿಗಳನ್ನು ನಾನೇ ಒದಗಿಸುತ್ತೇನೆ. ಸಂಘದ ಅನುಮತಿ ಇಲ್ಲದೆ ಏನನ್ನೂ ಮೊಳೆಯಿಸಕೂಡದೆಂದು ಮುಂದಿನ ಮಳೆಗೆ ಒಂದು ಸುತ್ತೋಲೆ ಹೊರಡಿಸಬೇಕು. ಜಿಂಕೆಗಳು ಆ ಹುಲ್ಲನ್ನು ತಾವೇ ಮೇಯುವಂತೆ ತರಬೇತಿ ಕೊಟ್ಟು ಕಳಿಸಬೇಕು, ಏಕೆಂದರೆ ಅದನ್ನು ತಿನ್ನಲು ಬಾರದು ಎಂಬುದಷ್ಟೇ ನಮ್ಮ ಮಕ್ಕಳಿಗೆ ಅದರ ಬಗ್ಗೆ ಗೊತ್ತಿರುವ ಪಾಠ.

ಇದೊಂದನ್ನು ಮಾತ್ರ ನಗದೆ ಬರೆಯುತ್ತಿದ್ದೇನೆ. ಆ ಜಾಗ ಹೋದರೆ ಪೀರಮ್ಮನಿಗೆ ತೋರಿಸಲು ಏನೂ ಉಳಿಯುವುದಿಲ್ಲ, ಬಾಲಮಣಿಯ ನಂತರದ ಮಕ್ಕಳಿಗೆ ಹದಿನಾಲ್ಕು ಹೆಸರುಗಳು ಚೀಟಿಯಲ್ಲಿ ಮಾತ್ರ ಸಿಗುತ್ತವೆ. ನನಗೆ ತುಂಬ ಸಂಕಟವಾಗಿದೆ.

ಅಂದು ತಮಗೆ ಎರಡನೆಯ ಸಲ ಬಡಿಸಿದ,
ತಮ್ಮ ವಿಶ್ವಾಸಿ,
ಪ್ರೇಮಲಾ

ಮರೆತ ಮಾತು: ಇಂದು ಬೆಳಿಗ್ಗೆ ತಮ್ಮ ಶ್ರೀಮತಿಯವರಾದ ಶಿವಲಕ್ಷ್ಮಿ ಅವರು ಫೋನು ಮಾಡಿ, “ನಮ್ಮವರು ಅವತ್ತಿಂದ ತಾಟಿನ ಮುಂದ ಕುಂತು ಆ ಬ್ಯಾಳಿನೇ ಬೇಕು ಅಂತಾರ, ಏನ್ ಹಾಕಿದ್ರಿ ಅದರಾಗ?” ಎಂದು ಕೇಳಿದರು. ನಾನು ಫೋನನ್ನು ಪೀರಮ್ಮನ ಕೈಗೆ ಕೊಟ್ಟೆ. ಅವರು ಹದಿನಾಲ್ಕೂ ಹೆಸರು ಹೇಳಿ, “ಸೋಮಾರ ಹನ್ನೊಂದರ ಒಳಗ ಬರ್ರಿ ಅಕ್ಕಾರ, ಆಮ್ಯಾಲ ಜೆಸಿಬಿ ಬರ್ತದ, ಬರೀ ಮಣ್ಣ ಇರ್ತದ” ಎಂದರು. ಯಾರು ಕಳಿಸಿದ ಜೆಸಿಬಿ ಎಂದು ತಮ್ಮ ಶ್ರೀಮತಿಯವರು ಕೇಳಿದ್ದಕ್ಕೆ ನಾನು ಸುಳ್ಳು ಹೇಳಲಾರದೆ ಹೇಳಿಬಿಟ್ಟೆ. ಅವರು ಸೋಮವಾರದ ಮೊದಲ ಬಸ್ಸಿಗೇ ಹೊರಡುತ್ತಾರಂತೆ, ಬುಟ್ಟಿಯೊಂದಿಗೆ. ಜೆಸಿಬಿಯ ಮುಂದೆ ನಿಲ್ಲುವವರು ಯಾರೆಂಬುದನ್ನು ಇನ್ನು ತಾವು ಮನೆಯಲ್ಲೇ ಮಾತಾಡಿಕೊಳ್ಳಬಹುದು.